ಸಲಹೆಗಾರ್ತಿಯ ಗುರುವಾರಗಳು

ಅವ್ವ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಕನ್ನಡ ನಿಂತುಹೋಯಿತು. ಮರಾಠಿ ಮಾತಾಡುವ ಈ ಊರಿನ ಬಿಬವೇವಾಡಿ ಬಡಾವಣೆಯ ಫ್ಲ್ಯಾಟಿನಲ್ಲಿ ಈಗ ನಾನೊಬ್ಬಳೇ. ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯ ಪ್ರಯೋಗಾಲಯಕ್ಕೆ ಕಂಪನಿ ಬಸ್ಸಿನಲ್ಲಿ ಹೋಗಿ ಬರುವುದರಲ್ಲೇ ವಯಸ್ಸು ದಾಟಿತು. ನಿವೃತ್ತಿಯಾದ ಮೇಲೆ ಹಾಲಿನವನ ಜೊತೆ ಮರಾಠಿ, ಬ್ಯಾಂಕಿನಲ್ಲಿ ಹಿಂದಿ, ಉಳಿದ ಹೊತ್ತು ಮೌನ. ಸಂಜೆ ಯಾರಾದರೂ ಫೋನ್ ಮಾಡಿದರೆ ಗಂಟಲು ಸರಿಮಾಡಿಕೊಂಡು ಮಾತಾಡಬೇಕಾಗುತ್ತಿತ್ತು. ಬೆಳಗಿನಿಂದ ಅದಕ್ಕೆ ಕೆಲಸವೇ ಇರುತ್ತಿರಲಿಲ್ಲ.

ಹಾಗೊಂದು ಸಂಜೆ ನಾನು ಎಂ.ಎಸ್ಸಿ. ಓದಿದ ಇದೇ ಊರಿನ ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರು ಫೋನ್ ಮಾಡಿದರು. ಹಳೆಯ ವಿದ್ಯಾರ್ಥಿಗಳ ಸಲಹಾ ಮಂಡಳಿಯೊಂದನ್ನು ಮಾಡುತ್ತಿದ್ದೇವೆ, ತಾವು ಸದಸ್ಯರಾಗಬೇಕು ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಏನು ಎತ್ತ ಎಂದು ಕೇಳದೆ ಒಪ್ಪಿಬಿಟ್ಟೆ. ಸಭೆಯ ದಿನ ಇಳಕಲ್ ಸೀರೆ ಉಟ್ಟುಕೊಂಡು ಹೊತ್ತಿಗೆ ಮೊದಲೇ ಹೋದೆ. ದೊಡ್ಡ ಮೇಜು, ಸುತ್ತಲೂ ಖಾಲಿ ಕುರ್ಚಿಗಳು. ಉಳಿದ ಸದಸ್ಯರೆಲ್ಲ ಗೋಡೆಯ ಪರದೆಯ ಮೇಲಿದ್ದರು. ಪರದೇಶದಲ್ಲಿದ್ದ ಒಬ್ಬರಿಗೆ ಅಲ್ಲಿ ಇನ್ನೂ ನಸುಕು, ಇನ್ನೊಬ್ಬರು ಕಾರಿನಲ್ಲಿದ್ದರು. ಖುದ್ದಾಗಿ ಬಂದವಳು ನಾನೊಬ್ಬಳೇ. ಚಹಾ ಕುಡಿಯುವಾಗ ಮುಖ್ಯಸ್ಥರು ನಗುತ್ತ ಹೇಳಿದರು: "ಕಾಲೇಜಿನ ತಪಾಸಣೆಗೆ ಸಮಿತಿಯವರು ಬಂದಾಗ ತೋರಿಸಲು ಊರಿನಲ್ಲೇ ಇರುವ, ಕಾರ್ಖಾನೆಯಲ್ಲಿ ಕೆಲಸ ಮಾಡಿದ ಸದಸ್ಯರೊಬ್ಬರು ಬೇಕಿತ್ತು ಮ್ಯಾಡಮ್. ನೀವು ಸಿಕ್ಕಿದ್ದು ನಮ್ಮ ಪುಣ್ಯ." ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೂ ಕೈಯಲ್ಲಿದ್ದ ಬಿಸ್ಕತ್ತನ್ನು ಮತ್ತೆ ತಟ್ಟೆಯಲ್ಲಿಟ್ಟೆ.

ಸಭೆ ಮುಗಿದ ಮೇಲೆ ಪ್ರಯೋಗಾಲಯ ನೋಡಬೇಕು ಎಂದೆ. ಅವರು ಒಂದು ಕ್ಷಣ ಹಿಂದೆಮುಂದೆ ನೋಡಿ ಕರೆದುಕೊಂಡು ಹೋದರು. ಅಲ್ಲಿ ಫ್ಯೂಮ್ ಹುಡ್ ಇತ್ತು, ಅಂದರೆ ವಿಷದ ಹೊಗೆಯನ್ನು ಹೊರಗೆ ಎಳೆದುಹಾಕುವ ಗಾಜಿನ ಕಪಾಟು. ಅದರೊಳಗೆ ರಟ್ಟಿನ ಡಬ್ಬಿಗಳನ್ನು ಒಟ್ಟಿದ್ದರು. ಫ್ಯಾನ್ ಕೆಟ್ಟು ಎಷ್ಟು ದಿನವಾಯಿತೆಂದು ಯಾರಿಗೂ ನೆನಪಿರಲಿಲ್ಲ. ಹುಡುಗರು ತೆರೆದ ಮೇಜಿನ ಮೇಲೇ ಆಮ್ಲ ಕಾಯಿಸುತ್ತ, ಕಣ್ಣು ಉರಿದಾಗ ಕಿಟಕಿಯ ಕಡೆ ಮುಖ ಮಾಡುತ್ತಿದ್ದರು.

ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿದೆ. ಪರದೆಯ ಮೇಲಿದ್ದ ಒಬ್ಬರು, ಇನ್ನು ಮುಂದೆ ಅರ್ಧ ಪ್ರಯೋಗಗಳನ್ನು ಕಂಪ್ಯೂಟರಿನಲ್ಲೇ ಮಾಡಿಸಬಹುದು, ಹುಡ್‌ಗೆ ಖರ್ಚು ಯಾಕೆ ಎಂದರು. ನಾನು ಸಭೆಗಳಲ್ಲಿ ದನಿ ಏರಿಸುವವಳಲ್ಲ. ಆದರೆ ಅವತ್ತು ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನಲ್ಲಿದ್ದ ಗೆಳತಿಯ ಕಥೆ ಹೇಳಿದೆ. ಅವಳು ಕಾಲೇಜಿನಿಂದ ಸೀದಾ ಕೆಲಸಕ್ಕೆ ಬಂದವಳು. ಹುಡ್ ಇದ್ದರೂ ಸುಡುವ ಹೊಗೆ ಕಾರುವ ಬ್ರೋಮಿನ್ ಬಾಟಲಿಯನ್ನು ಹೊರಗೇ ತೆರೆದಳು, ಏಕೆಂದರೆ ಓದುವಾಗ ಹಾಗೇ ರೂಢಿಯಾಗಿತ್ತು. ಅವಳ ತಲೆಯನ್ನು ನಲ್ಲಿಯ ಕೆಳಗೆ ಒತ್ತಿ ಹಿಡಿದುಕೊಂಡವಳು ನಾನು. ಒಂದು ಕಣ್ಣು ಉಳಿಯಲಿಲ್ಲ. ಸಾಂಗ್ಲಿಯ ಗಂಡಿನೊಂದಿಗೆ ಗೊತ್ತಾಗಿದ್ದ ಮದುವೆಯೂ ನಿಂತಿತು.

"ಕಂಪ್ಯೂಟರಿಗೆ ಕಣ್ಣು ಉರಿಯುವುದಿಲ್ಲ, ಅದು ಎಚ್ಚರ ಕಲಿಸುವುದೂ ಇಲ್ಲ," ಎಂದು ಮುಗಿಸಿದೆ. ಪರದೆಯ ಮೇಲೆ, ಈ ಸಲವೂ ಕಾರಿನಲ್ಲಿದ್ದವರು ಕಾರು ನಿಲ್ಲಿಸಿಕೊಂಡಿದ್ದರು.

ಹುಡ್ ರಿಪೇರಿ ಮಾಡಿಸಲು ಹಳೆಯ ವಿದ್ಯಾರ್ಥಿಗಳೇ ಹಣ ಕೂಡಿಸುವುದೆಂದು ನಿರ್ಧಾರವಾಯಿತು. ನಾನು ಪ್ರತಿ ಗುರುವಾರ ಬಂದು ಮಕ್ಕಳಿಗೆ ಪ್ರಯೋಗಾಲಯದ ಸುರಕ್ಷತೆ ಕಲಿಸುತ್ತೇನೆಂದೆ. ಮುಖ್ಯಸ್ಥರು ಒಪ್ಪಿದರು. ಮೊದಲ ಗುರುವಾರ ಯಾರೂ ಬರಲಿಲ್ಲ. ಬಿಳಿ ಕೋಟು ಹಾಕಿಕೊಂಡು ಒಂದು ತಾಸು ಒಬ್ಬಳೇ ಕೂತು, ಮತ್ತೆ ಬಿಚ್ಚಿ ಮಡಚಿ ಚೀಲಕ್ಕೆ ಹಾಕಿಕೊಂಡು ಬಂದೆ. ಆಮೇಲಾಮೇಲೆ ಕೆಲವರು ಬಂದರು, ಹಾಜರಿ ಸಿಗುತ್ತದೆಂದು ಗೊತ್ತಾದಾಗ ಇನ್ನೂ ಕೆಲವರು.

ಒಮ್ಮೆ ಕೈಯಿಂದ ಬೀಕರ್ ಜಾರಿ ಒಡೆಯಿತು. "ಅಯ್ಯ ನಮ್ಮವ್ವಾ!" ಎಂದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ತಟ್ಟನೆ ತಲೆಯೆತ್ತಿದಳು. ತರಗತಿ ಮುಗಿದ ಮೇಲೆ ಹತ್ತಿರ ಬಂದಳು.

"ಮ್ಯಾಡಂರಿ, ನೀವು ಕನ್ನಡದೋರೇನ್ರಿ?"

"ಹೌದವಾ, ಧಾರವಾಡ ಕಡೀಯಾಕಿ."

"ನಮ್ದು ಯಾದಗಿರಿ ಕಡಿ ರೀ. ಅಪ್ಪ ಕಟ್ಟಡದ ಗೌಂಡಿ ಕೆಲಸ ಮಾಡ್ತಾನ. ನಾ ಹುಟ್ಟಿದ್ದು ಇಲ್ಲೇ ವಾರ್ಜೆದಾಗ." ಆಮೇಲೆ ಸಂಕೋಚವಿಲ್ಲದೆ ಕೇಳಿದಳು: "ಮನ್ಯಾಗ ಯಾರ್ಯಾರ ಇರ್ತೀರಿ?"

"ನಾ ಒಬ್ಬಾಕೀನ."

"ಹಂಗಾರ ಅಡಗಿ ಒಬ್ಬರಿಗೇ ಮಾಡ್ಕೋತೀರೇನ್ರಿ? ಭಾಳ ಬ್ಯಾಸರ ಆಕ್ಕೈತಲ್ಲ."

ಎಷ್ಟೋ ಜನ ನನ್ನ ಆರೋಗ್ಯ ಕೇಳಿದ್ದಾರೆ, ಪೆನ್ಶನ್ ಕೇಳಿದ್ದಾರೆ. ಅಡುಗೆಯ ವಿಷಯ ಯಾರೂ ಕೇಳಿರಲಿಲ್ಲ. ನಾನು ಮೂಲೆಗೆ ಗುಡಿಸಿಟ್ಟಿದ್ದ ಗಾಜಿನ ಚೂರು ಎತ್ತುವ ನೆಪದಲ್ಲಿ ಬಗ್ಗಿದೆ.

ಆ ವರ್ಷ ಪ್ರತಿ ಗುರುವಾರ ತರಗತಿಯ ನಂತರ ಅವಳು ಉಳಿಯುತ್ತಿದ್ದಳು. ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳನ್ನು ರಾತ್ರಿಪಾಳಿಗೆ ಹಾಕುತ್ತಾರೇನು, ಸಂದರ್ಶನದಲ್ಲಿ ಇಂಗ್ಲಿಷ್ ತಡವರಿಸಿದರೆ ಏನು ಮಾಡುವುದು ಎಂದೆಲ್ಲ ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ. ಮನೆಗೆ ಬರುವಾಗ ಬಸ್ಸಿನಲ್ಲಿ, ಮುಂದಿನ ವಾರ ಅವಳಿಗೆ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಪರೀಕ್ಷೆ ಮುಗಿದ ಮೇಲೆ ಅವಳಿಗೆ ಕುರಕುಂಭದಲ್ಲೇ ಕೆಲಸ ಸಿಕ್ಕಿತು. ಮೊದಮೊದಲು ದಿನಾ ಫೋನ್ ಮಾಡಿದಳು, ಆಮೇಲೆ ರವಿವಾರಕ್ಕೊಮ್ಮೆ, ಆಮೇಲೆ ಹಬ್ಬಕ್ಕೆ. ಹಾಗೇ ಆಗಬೇಕಾದ್ದು. ಅವಳಿಗೆ ಅಲ್ಲಿ ಗೆಳತಿಯರು ಸಿಕ್ಕಿದ್ದರು, ದುಡಿಮೆ ಇತ್ತು. ಬುದ್ಧಿಗೆ ಇದು ಅರ್ಥವಾಗಿತ್ತು. ಫೋನನ್ನು ಪಕ್ಕದಲ್ಲಿಟ್ಟುಕೊಂಡು ಊಟಕ್ಕೆ ಕೂರುವ ಚಾಳಿ ಮಾತ್ರ ಹೋಗಲಿಲ್ಲ.

ಈ ಜೂನ್‌ನಲ್ಲಿ ಹೊಸ ಮುಖ್ಯಸ್ಥರು ಬಂದರು. ಹುಡ್ ಈಗ ಚೆನ್ನಾಗಿ ನಡೆಯುತ್ತಿದೆ. ಸುರಕ್ಷತೆ ಕಡ್ಡಾಯ ವಿಷಯವಾಗಿದೆ, ಅದಕ್ಕೊಬ್ಬ ಅಧ್ಯಾಪಕರನ್ನೂ ನೇಮಿಸಿದ್ದಾರೆ. "ನೀವು ಹೇಳಿದ್ದನ್ನೆಲ್ಲ ಮಾಡಿದ್ದೇವೆ ಮ್ಯಾಡಮ್," ಎಂದು ಅವರು ಪ್ರೀತಿಯಿಂದಲೇ ಹೇಳಿದರು. "ಇನ್ನು ನಿಮಗೆ ಅಷ್ಟು ದೂರ ಬರುವ ತೊಂದರೆ ಬೇಡ. ಮಂಡಳಿಗೂ ಹೊಸ ತಲೆಮಾರಿನವರನ್ನು ತೆಗೆದುಕೊಳ್ಳುತ್ತಿದ್ದೇವೆ." ಶಾಲು ಹೊದಿಸಿದರು. ಕೊಟ್ಟ ಸಲಹೆ ಪೂರ್ತಿ ನಡೆದುಬಿಟ್ಟರೆ ಸಲಹೆಗಾರರು ಮನೆಗೆ ಹೋಗಬೇಕಾಗುತ್ತದೆ ಎಂಬುದನ್ನು ನಾನು ಮೊದಲೇ ಯೋಚಿಸಿರಲಿಲ್ಲ.

ಮುಂದಿನ ಗುರುವಾರ ಕಾಲುಗಳು ತಾವಾಗಿಯೇ ಹೊರಟವು. ಸ್ವಾರಗೇಟ್ ಬಸ್ ನಿಲ್ದಾಣದವರೆಗೆ ಬಂದು ಇಳಿದ ಮೇಲೆ, ಇನ್ನು ಕಾಲೇಜಿಗೆ ಹೋಗಬೇಕಾಗಿಲ್ಲ ಎಂಬ ಎಚ್ಚರವಾಯಿತು. ಮಳೆ ಹನಿಯುತ್ತಿತ್ತು. ಹುಬ್ಬಳ್ಳಿ ಬಸ್ಸು ನಿಂತಿತ್ತು. ಗಂಟು ಹಿಡಿದುಕೊಂಡ ಹೆಂಗಸೊಬ್ಬಳು ಹರಕು ಮರಾಠಿಯಲ್ಲಿ ಏನೋ ಕೇಳಿದಳು.

"ಕನ್ನಡದಾಗ ಹೇಳವಾ," ಎಂದೆ.

"ಅಯ್ಯ, ನಮ್ಮೋರ! ಈ ಗಾಡಿ ನಿಪ್ಪಾಣಿಗೆ ನಿಂದರತೈತೇನ್ರಿ ಅಕ್ಕಾರ?"

ನಿಲ್ಲುತ್ತದೆ ಎಂದಷ್ಟೇ ಹೇಳಿದ್ದರೆ ಸಾಕಿತ್ತು. ನಾನು ಬಸ್ಸನ್ನು ಎಲ್ಲಿ ಊಟಕ್ಕೆ ನಿಲ್ಲಿಸುತ್ತಾರೆ, ಯಾವ ಬದಿಯ ಕಿಟಕಿಗೆ ನೀರು ಸಿಡಿಯುವುದಿಲ್ಲ, ನಿಪ್ಪಾಣಿಯಲ್ಲಿ ಇಳಿಯುವಾಗ ಡ್ರೈವರಿಗೆ ಮೊದಲೇ ಹೇಳಿಟ್ಟಿರಬೇಕು ಎಂದೆಲ್ಲ ಹೇಳುತ್ತಲೇ ಹೋದೆ. ಅವಳು ತಾಳ್ಮೆಯಿಂದ ಕೇಳಿದಳು. ಕಂಡಕ್ಟರ್ ಸೀಟಿ ಊದಿದ ಮೇಲೆ, "ಹೋಗಿ ಬರ್ತೀನ್ರಿ," ಎಂದು ಹತ್ತಿದಳು.

ಬಸ್ಸು ತಿರುವು ದಾಟುವವರೆಗೆ ನಿಂತಿದ್ದು, ನಾನು ಬಿಬವೇವಾಡಿಯ ಬಸ್ಸು ಹಿಡಿದೆ.