ಸಿಹಿಗುಂಬಳ ಬರೆದ ಎದುರುಮನೆ ಆಂಟಿ

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಯಾವಾಗಲೂ ಒಂದಿಷ್ಟು ಬಣ್ಣ ಕಚ್ಚಿಕೊಂಡಿರುತ್ತಿತ್ತು. ಒಂದು ದಿನ ಹಸಿರು, ಇನ್ನೊಂದು ದಿನ ನೇರಳೆ. ಸಾರು ಬಡಿಸುವಾಗಲೂ ಲಿಫ್ಟಿನ ಬಟನ್ ಒತ್ತುವಾಗಲೂ ನನ್ನ ಕಣ್ಣು ಮೊದಲು ಆ ಉಗುರಿಗೇ ಹೋಗುತ್ತಿತ್ತು. ಸಿಂಗಾಪುರದ ಪಾಸಿರ್ ರಿಸ್‌ನ ನಮ್ಮ ಕಾಂಡೋ ವಸತಿ ಸಮುಚ್ಚಯದಲ್ಲಿ ಅವರದು ಎದುರುಮನೆ. ಪುಟ್ಟ ಮಕ್ಕಳ ಚೈಲ್ಡ್‌ಕೇರ್ ಒಂದರಲ್ಲಿ ಬಹಳ ವರ್ಷ ಟೀಚರಾಗಿದ್ದು ನಿವೃತ್ತರಾಗಿದ್ದರು, ಆದರೂ ದಿನಾ ಏನಾದರೂ ಚಿತ್ರ ಬರೆಯುತ್ತಿದ್ದರು. ಊರು ಉಡುಪಿಯ ಕಡೆ. ಗಂಡ ಹಡಗಿನ ಎಂಜಿನಿಯರ್ ಆಗಿದ್ದವರು, ಮಾತು ಕಡಿಮೆ. ಮಕ್ಕಳಿರಲಿಲ್ಲ.

ಆಂಟಿ ಸಿಹಿ ಸ್ವಭಾವದವರೇನಲ್ಲ. ಕಾಲಿಂಗ್ ಬೆಲ್ ಒತ್ತುತ್ತಿರಲಿಲ್ಲ, ಬೀಗದ ಕೈಯಿಂದ ಬಾಗಿಲಿಗೆ ಎರಡು ಸಲ ಬಡಿಯುತ್ತಿದ್ದರು. ಒಳಗೆ ಬಂದವರೇ ಮೊದಲು ತಪ್ಪು ಹುಡುಕುತ್ತಿದ್ದರು. ನನ್ನ ಅನ್ನ ಮುದ್ದೆಯಾಗಿದೆ, ನನ್ನ ಚಪ್ಪಲಿಗೆ ಹಿಮ್ಮಡಿ ಎತ್ತರ, ನಾನು ಆಫೀಸಿನಲ್ಲಿ ತೀರಾ ಹೊತ್ತು ಕೂರುತ್ತೇನೆ. ನಮ್ಮೊಡನೆ ಬೆಂಗಳೂರಿನವರ ಹಾಗೆಯೇ ಮಾತಾಡುತ್ತಿದ್ದರು. ಸಿಟ್ಟು ಬಂದಾಗ, ಗಾಬರಿಯಾದಾಗ ಮಾತ್ರ ಅವರ ಊರಿನ ಕನ್ನಡ ಹೊರಬೀಳುತ್ತಿತ್ತು.

ಪ್ರತಿವರ್ಷ, ಮಕ್ಕಳು ದೆವ್ವದ ವೇಷ ಹಾಕುವ, ಸಿಹಿಗುಂಬಳಕ್ಕೆ ಕಣ್ಣು ಮೂಗು ಕೊರೆದಿಡುವ ಹ್ಯಾಲೋವೀನ್ ಸಂಜೆ ಕಾಂಡೋದ ಫಂಕ್ಷನ್ ರೂಮಿನಲ್ಲಿ ಮಕ್ಕಳ ಮುಖಕ್ಕೆ ಬಣ್ಣ ಬಳಿಯುವುದು ಅವರ ಕೆಲಸ. ಅಷ್ಟು ಪೂಜೆ ಪುನಸ್ಕಾರ ಮಾಡುವವರು ಇದನ್ನು ಹೇಗೆ ಒಪ್ಪಿಕೊಂಡಿರಿ ಎಂದು ಒಮ್ಮೆ ಕೇಳಿದ್ದೆ. "ನಮ್ಮೂರಲ್ಲಿ ಭೂತಕ್ಕೆ ಕೈ ಮುಗೀತೀವಿ. ಇಲ್ಲಿ ಭೂತ ಮನೆ ಬಾಗಿಲಿಗೇ ಬಂದು ಚಾಕಲೇಟ್ ಕೇಳುತ್ತೆ. ಬಂದೋರನ್ನ ಬರಿಗೈಲಿ ಕಳಿಸಬಾರದು, ಅಷ್ಟೇ," ಎಂದಿದ್ದರು.

ನಾನು ಎಂಟು ತಿಂಗಳ ಬಸುರಿಯಾಗಿದ್ದ ವರ್ಷ ಅಮ್ಮ ಮೈಸೂರಿನಿಂದ ಆ ದಿನ ಬೆಳಗ್ಗೆಯೇ ಫೋನ್ ಮಾಡಿ ಹೊರಗೆ ಹೋಗಬೇಡ ಎಂದಳು. "ಬಸುರಿ ಹೆಂಗಸು ದೆವ್ವದ ಹಬ್ಬಕ್ಕೆ ಹೋಗ್ತಾಳೇನೇ? ಬಾಗಿಲು ಹಾಕ್ಕೊಂಡು ಮನೇಲಿರು." ನಾನು ಹೂಂ ಎಂದು ಫೋನಿಟ್ಟೆ. ಸಂಜೆ ಐದಕ್ಕೆ ಎದುರುಮನೆಗೆ ಹೋದೆ. ಯಾವ ಬಟ್ಟೆಯೂ ಹಿಡಿಸುತ್ತಿರಲಿಲ್ಲವಾದ್ದರಿಂದ ಗಂಡನ ಕಪ್ಪು ಶರ್ಟ್ ಹಾಕಿಕೊಂಡಿದ್ದೆ. ಆಂಟಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ವೇಷ ಎಲ್ಲ ಯಾಕೆ? ಕೆಳಗಿನ ಬಟನ್ ಬಿಚ್ಚು. ಸಿಹಿಗುಂಬಳಕಾಯಿ ರೆಡಿಯಾಗೇ ಇದೆ, ಕಣ್ಣು ಮೂಗು ಬರೀಬೇಕಷ್ಟೆ."

ಸೋಫಾದಲ್ಲಿ ಒರಗಿಸಿ ಹೊಟ್ಟೆಗೆಲ್ಲ ಕಿತ್ತಳೆ ಬಣ್ಣ ಬಳಿದರು. ಬಣ್ಣ ತಣ್ಣಗಿತ್ತು, ನಾನು ನಗುತ್ತಿದ್ದೆ. ಎರಡು ಕಣ್ಣು ಬರೆದರು, ಮೂಗು ಬರೆದರು. ಬಾಯಿ ಅರ್ಧ ಬರೆದವರು ಕುಂಚ ನಿಲ್ಲಿಸಿದರು. ಎಡ ಅಂಗೈಯನ್ನು ನನ್ನ ಹೊಟ್ಟೆಯ ಪಕ್ಕಕ್ಕೆ ಒತ್ತಿ ಹಿಡಿದು ಹಾಗೇ ಕೂತರು. ಆಮೇಲೆ ಇನ್ನೊಂದು ಪಕ್ಕಕ್ಕೆ.

"ಇದು ಕಡೇ ಸಲ ಯಾವಾಗ ಒದ್ದದ್ದು?"

ನಾನು ಯೋಚಿಸಿದೆ. ಬೆಳಗ್ಗೆ ಮೀಟಿಂಗ್ ಇತ್ತು, ಮಧ್ಯಾಹ್ನ ಮಲಗಿದ್ದೆ. "ನಿನ್ನೆ ಸಂಜೆ ಅನ್ಸುತ್ತೆ, ಆಂಟಿ. ಮಗು ಮಲಗಿರಬೇಕು."

ಅವರು ತಣ್ಣೀರು ಕುಡಿಸಿದರು. ಎಡಕ್ಕೆ ಹೊರಳಿಸಿ ಮಲಗಿಸಿದರು. ಸ್ವಲ್ಪ ಹೊತ್ತು ಕಾದರು. ಮಗು ಮಿಸುಕಲಿಲ್ಲ.

"ಏಳು ಮಾರಾಯ್ತಿ. ಆಸ್ಪತ್ರೆಗೆ ಹೋಗುವ."

ಊರಿನ ಕನ್ನಡ ಕೇಳಿದ್ದೇ ನನಗೆ ಭಯವಾಯಿತು. ಆದರೂ, ಬಣ್ಣ ತೊಳೆದುಕೊಂಡು ಬರುತ್ತೇನೆ, ಏನೂ ಇಲ್ಲದಿದ್ದರೆ ಡಾಕ್ಟರ್ ನಗುತ್ತಾರೆ ಎಂದೆ.

"ನಗಲಿ. ನಗಿಸಿ ವಾಪಸ್ ಬರುವ. ಎಂತ ನಷ್ಟ ಉಂಟು ಅದರಲ್ಲಿ?"

ಲಿಫ್ಟಿನಲ್ಲಿ ಮಾಟಗಾತಿಯ ಟೋಪಿ ಹಾಕಿದ ಪುಟ್ಟ ಹುಡುಗಿಯೊಬ್ಬಳು ನನ್ನ ಹೊಟ್ಟೆ ನೋಡಿ ಇಲ್ಲಿಯವರ ಇಂಗ್ಲಿಷಿನಲ್ಲಿ, "ಆಂಟಿ, ಯುವರ್ ಪಂಪ್‌ಕಿನ್ ಸೋ ಕ್ಯೂಟ್ ಲಾ," ಎಂದಳು. ಆಂಟಿ ತಮ್ಮ ಚೀಲದಲ್ಲಿದ್ದ ಚಾಕಲೇಟನ್ನೆಲ್ಲ ಅವಳ ಬುಟ್ಟಿಗೆ ಸುರಿದು ನನ್ನನ್ನು ಟ್ಯಾಕ್ಸಿಗೆ ಹತ್ತಿಸಿದರು. ನನ್ನ ಗಂಡ ಸೆಲೆಟಾರ್‌ನಲ್ಲಿ ವಿಮಾನ ರಿಪೇರಿಯ ಶಿಫ್ಟ್‌ನಲ್ಲಿದ್ದ. ಕೆಲಸದ ಜಾಗಕ್ಕೆ ಫೋನ್ ಒಯ್ಯುವಂತಿರಲಿಲ್ಲ. ಆಂಟಿ ಅವನ ಆಫೀಸಿಗೆ ಫೋನ್ ಮಾಡಿ ವಿಷಯ ತಿಳಿಸಿದರು.

ಆಸ್ಪತ್ರೆಯಲ್ಲಿ ಯಾರೂ ನಗಲಿಲ್ಲ. ನರ್ಸ್ ಜೆಲ್ ಹಚ್ಚಿದಾಗ ಕಿತ್ತಳೆ ಬಣ್ಣ ಕರಗಿ ಹಾಸಿಗೆಗೆ ಇಳಿಯಿತು. ಎದೆಬಡಿತ ಸಿಕ್ಕಿತು, ಆದರೆ ಇರಬೇಕಾದ ಹಾಗಿರಲಿಲ್ಲ. ಡಾಕ್ಟರ್ ಇಂದೇ, ಈಗಲೇ ಆಪರೇಷನ್ ಮಾಡಬೇಕೆಂದರು. ನಾನು ಕಾಗದಕ್ಕೆ ಸಹಿ ಹಾಕಿದೆ. ಆಂಟಿ ಪಕ್ಕದಲ್ಲಿ ಬಾಗಿ, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಹೇಳಿದರು: "ನಂದೂ ಎಂಟರಲ್ಲೇ. ಮಗು ಮಲಗಿದೆ, ಬೆಳಗ್ಗೆ ನೋಡುವ ಅಂದ್ರು ಅತ್ತೆ. ಬೆಳಗ್ಗೆ ನೋಡ್ಲಿಕ್ಕೆ ಏನೂ ಇರ್ಲಿಲ್ಲ. ನಿಂದು ಹಾಗಲ್ಲ. ನಾವು ಬಂದಾಯ್ತು."

ಮಗಳ ಕೊರಳಿಗೆ ಹೊಕ್ಕುಳಬಳ್ಳಿ ಎರಡು ಸುತ್ತು ಸುತ್ತಿಕೊಂಡಿತ್ತು. ಎರಡು ಕಿಲೋ ಕೂಡ ಇರಲಿಲ್ಲ. ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂದಳು. ಆ ಮೂರು ವಾರವೂ ಆಂಟಿ ದಿನಾ ಮಧ್ಯಾಹ್ನ ಗಂಜಿ ತಂದು ನನ್ನ ಪಕ್ಕ ಕೂರುತ್ತಿದ್ದರು. ತಮ್ಮ ಮಗುವಿನ ಬಗ್ಗೆ ಒಂದೇ ಒಂದು ಸಲ, ಗಾಜಿನಾಚೆ ನೋಡುತ್ತ, ಇನ್ನೆರಡು ಮಾತು ಹೇಳಿದರು. ನಾನು ಕೆದಕಲಿಲ್ಲ.

ಅಮ್ಮ ಮೈಸೂರಿನಿಂದ ಫೋನಿನಲ್ಲಿ ಅಳುತ್ತ, "ಹೇಳ್ದೆ ಕೇಳಿದ್ಯಾ? ಆ ಹಬ್ಬಕ್ಕೆ ಹೋಗಿದ್ದಕ್ಕೇ ಹೀಗಾಯ್ತು," ಎಂದಾಗ ಆಂಟಿ ನನ್ನ ಕೈಯಿಂದ ಫೋನ್ ತೆಗೆದುಕೊಂಡರು. "ನೋಡಿ ಅಮ್ಮಾ, ಆ ಹಬ್ಬ ಇಲ್ಲದಿದ್ರೆ ನಾನು ಅವಳ ಹೊಟ್ಟೆ ಮುಟ್ತಿರಲಿಲ್ಲ." ಅಮ್ಮ ಮತ್ತೆ ಆ ಮಾತೆತ್ತಲಿಲ್ಲ.

ಥ್ಯಾಂಕ್ಸ್ ಹೇಳಲು ನಾನು ಒಂದೆರಡು ಸಲ ಪ್ರಯತ್ನಪಟ್ಟೆ. "ನಂಗೆ ಆವತ್ತು ಹೆದರಿಕೆ ಆಗಿತ್ತು. ಹೆದರಿದ್ದಕ್ಕೆಲ್ಲ ಥ್ಯಾಂಕ್ಸ್ ಹೇಳ್ತಾರಾ?" ಎಂದವರೇ, ಅನ್ನ ಇವತ್ತೂ ಮುದ್ದೆಯಾಗಿದೆ ಎಂದರು.

ಮಗಳಿಗೆ ಮೂರು ತುಂಬಿದ ವರ್ಷ ಆಂಟಿ ತೀರಿಕೊಂಡರು. ಬೆಳಗ್ಗೆ ತಿಂಡಿ ಮಾಡುತ್ತಿದ್ದವರು ಎದೆನೋವೆಂದು ಕುರ್ಚಿಯಲ್ಲಿ ಕೂತರು, ಆಂಬುಲೆನ್ಸ್ ಬರುವಷ್ಟರಲ್ಲಿ ಮುಗಿದಿತ್ತು. ಅವರ ಗಂಡ, ನಮ್ಮ ಅಂಕಲ್, ಒಬ್ಬರೇ ಎಲ್ಲ ಕಾಗದಪತ್ರ ಮುಗಿಸಿದರು, ಒಬ್ಬರೇ ಸಮುದ್ರಕ್ಕೆ ಅಸ್ಥಿ ಬಿಟ್ಟು ಬಂದರು. ಮರುದಿನ ಸಂಜೆ ಅವರನ್ನು ಊಟಕ್ಕೆ ಕರೆದೆ. ಮಗಳು ಅವರ ಪಕ್ಕ ಕೂತು ಬ್ಲಾಕ್ಸ್ ಜೋಡಿಸುತ್ತಿದ್ದಳು. ಏನು ಮಾತಾಡಬೇಕೆಂದು ತಿಳಿಯದೆ, ಆಂಟಿ ಆಸ್ಪತ್ರೆಯಲ್ಲಿ ನನಗೆ ನಿಮ್ಮ ಮಗುವಿನ ವಿಷಯ ಹೇಳಿದ್ದರು ಎಂದೆ.

ಅವರು ಲೋಟ ಕೆಳಗಿಟ್ಟರು. "ನಿನ್ನ ಹತ್ರ ಹೇಳಿದ್ಳಾ?"

ಆ ಮಗು ಹೋದಾಗ ಅವರು ಹಡಗಿನಲ್ಲಿದ್ದರಂತೆ. ಊರಿಗೆ ಬರುವಾಗ ನಾಲ್ಕು ತಿಂಗಳು ಕಳೆದಿತ್ತು. ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ.

"ಕೇಳಿದ್ರೆ ಅವಳಿಗೆ ನೋವಾಗ್ತದೆ ಅಂತ ನಾನು ಕೇಳ್ಲಿಲ್ಲ. ಅವಳೂ ಹೇಳ್ಲಿಲ್ಲ. ಹಾಗೇ ಇಷ್ಟು ವರ್ಷ ಹೋಯ್ತು." ಲೋಟವನ್ನು ಪಕ್ಕಕ್ಕೆ ಸರಿಸಿ ಕೇಳಿದರು, "ಗಂಡಾ, ಹೆಣ್ಣಾ?"

ಆಂಟಿ ಗಾಜಿನಾಚೆ ನೋಡುತ್ತ ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ. "ಹೆಣ್ಣು, ಅಂಕಲ್. ತಲೆ ತುಂಬಾ ಕೂದಲಿತ್ತಂತೆ. ಗುಂಗುರು. ಥೇಟ್ ಅಪ್ಪನ ಹಾಗೆ ಅಂದ್ರು."

ಅಂಕಲ್ ತಲೆಯಾಡಿಸಿದರು. ಮಗಳು ಬೀಳಿಸಿದ ಬ್ಲಾಕ್ ಒಂದನ್ನು ಎತ್ತಿ ಅವಳ ಕೈಗೆ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದ್ಸಲ ಹೇಳು," ಎಂದರು.

ಹೇಳಿದೆ.