ಬೋಟರ್‌ಹಾಮ್‌ನಲ್ಲಿ ಹಾಮ್ ಯಾರದು?

ಬೆಣ್ಣೆ ಸವರಿದ ಬ್ರೆಡ್ಡಿನ ಹೋಳನ್ನು ನಮ್ಮ ಭಾಷೆಯಲ್ಲಿ ಬೋಟರ್‌ಹಾಮ್ ಎನ್ನುತ್ತೇವೆ. ಬೋಟರ್ ಎಂದರೆ ಬೆಣ್ಣೆ; ಅದರಲ್ಲಿ ಯಾರಿಗೂ ತಕರಾರಿಲ್ಲ. ನಮ್ಮೂರು ಡೂಸ್‌ಬರ್ಗಿನ ಬೇಕರಿಯ ಲುಬ್ಬರ್ಟ್ ವಿಸ್ಸಿಂಕ್ ಜನ್ಮವಿಡೀ ಜಗಳವಾಡಿದ್ದು ಹಾಮ್ ಬಗ್ಗೆ.

ಹಾಮ್ ಎಂದರೆ ಈಗ ಉಪ್ಪಿನಲ್ಲಿ ಹದಮಾಡಿದ ಹಂದಿಯ ತೊಡೆ ಮಾಂಸ. ಆದರೆ ಹಿಂದಿನವರು ಯಾವುದೇ ದಪ್ಪ ತುಂಡಿಗೂ ಹಾಮ್ ಅನ್ನುತ್ತಿದ್ದರು, ಹಾಗಾಗಿ ಆ ಪದ ಬ್ರೆಡ್ಡಿನದೇ ಎಂದು ಲುಬ್ಬರ್ಟ್‌ನ ವಾದ. ಪಕ್ಕದ ಮಾಂಸದಂಗಡಿಯ ಫೆನ್ನಾ ಇದನ್ನು ಒಪ್ಪಬೇಕಲ್ಲ. ಅಪ್ಪನ ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದ ಹೆಂಗಸು; ನಾಲಿಗೆಯೂ ಕತ್ತಿಯಷ್ಟೇ ಹರಿತ.

"ಹಾಮ್ ಇಲ್ದಿದ್ರೆ ಅದು ಬರೀ ಬೋಟರ್. ಗಿರಾಕಿಗಳಿಗೆ ಟೋಪಿ ಹಾಕ್ತೀಯಲ್ಲೋ," ಎನ್ನುವಳು.

"ನಿನ್ನ ಹಂದಿಗಳು ಹುಟ್ಟೋಕ್ ಮುಂಚೇನೇ ನನ್ನ ಬ್ರೆಡ್ಡಿಗೆ ಆ ಹೆಸರಿತ್ತು ಕಣೆ," ಎನ್ನುವನು.

ಇಬ್ಬರಿಗೂ ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ನಾವು ಬೀದಿಯವರಾದರೂ ಸುಮ್ಮನಿದ್ದೆವೇ? ಬ್ರೆಡ್ ಕೊಳ್ಳುವಾಗ "ಫೆನ್ನಾ ಏನೋ ಅಂತಿದ್ಲಪ್ಪ" ಎಂದು ಕಡ್ಡಿ ಗೀರಿ ಬರುತ್ತಿದ್ದೆವು.

ಒಂದು ಚಳಿಗಾಲ ಲುಬ್ಬರ್ಟ್ ಹಿಮಗಟ್ಟಿದ ಹೊಳೆದಂಡೆಯಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡ. ಬೇಕರಿ ಮುಚ್ಚಿತು. ಬೇಯಿಸಿ ಹಾಕುವವರೂ ಇರಲಿಲ್ಲ. ಮರುದಿನ ಮಧ್ಯಾಹ್ನ ಫೆನ್ನಾ ತಟ್ಟೆ ಹಿಡಿದು ಬೇಕರಿ ಮೇಲಿನ ಅವನ ಮನೆಗೆ ಮಹಡಿ ಹತ್ತಿದಳು. ತಟ್ಟೆಯಲ್ಲಿ ಬ್ರೆಡ್ಡು, ಬೆಣ್ಣೆ, ಅಷ್ಟೇ.

"ಯಾರ ಬ್ರೆಡ್ಡೇ ಇದು? ಹತ್ತಿ ಇದ್ದಂಗಿದೆ."

"ಕೆಳಗಿನ ಬೀದಿ ಬೇಕರೀದು. ನೀನು ಎದ್ದು ಮಾಡು, ನಿಂದೇ ತರ್ತೀನಿ."

ದಿನವೂ ಅದೇ ತಟ್ಟೆ. ಪಕ್ಕದ ಫೆನ್ನಾಳ ಅಂಗಡಿಯಿಂದ ಹಾಮ್ ಹೊಗೆಯಾಡಿಸುವ ವಾಸನೆ ಮಾತ್ರ ನೇರ ಅವನ ಮೂಗಿಗೆ. ಎರಡನೇ ವಾರಕ್ಕೆ ಅವನ ಹಟ ಸಡಿಲವಾಯಿತು.

"ನಾಳೆ ಒಂದು ತುಂಡು ಹಾಮ್ ಇಟ್ಕೊಂಡು ಬಾ, ಫೆನ್ನಾ."

"ಅಂದ್ರೆ ನನ್ನ ಅರ್ಥ ಒಪ್ಕೊಂಡ್ಯಾ?"

"ಅರ್ಥ ಒಪ್ಪಿಲ್ಲ. ತಂದವಳನ್ನ ಒಪ್ಕೊಂಡಿದೀನಿ."

ಫೆನ್ನಾ, "ಮೊದ್ಲು ಕಾಲು ನೆಟ್ಟಗಾಗ್ಲಿ. ಕುಂಟ್ಕೊಂಡು ಬಂದ್ರೆ ಚರ್ಚಿನೊಳಗೆ ನಾನು ಬರಲ್ಲ," ಎಂದು ತಟ್ಟೆ ಎತ್ತಿಕೊಂಡು ಇಳಿದಳು. ಕೆಂಪಾದ ಮುಖವನ್ನು ಬೀದಿಯವರೆಲ್ಲ ನೋಡಿದೆವು.

ಮೇ ತಿಂಗಳಲ್ಲಿ ಮದುವೆಯಾಯಿತು. ಎರಡು ಅಂಗಡಿಗಳ ನಡುಗೋಡೆ ಒಡೆಸಿದರು. ಹಾಮ್ ಇಟ್ಟ ಬ್ರೆಡ್ಡು ಅಲ್ಲಿ ಭರ್ಜರಿ ಮಾರಾಟವಾಯಿತು. ಲುಬ್ಬರ್ಟ್ ಸಾಯುವವರೆಗೂ ಸೋಲೊಪ್ಪಲಿಲ್ಲ ನಿಜ. ಆದರೆ ಹೆಂಡತಿ ಎದುರಿಗಿದ್ದಾಗ ಯಾರಾದರೂ ಆ ಪದದ ಮೂಲ ಕೇಳಿದರೆ, ಒಲೆ ನೋಡಬೇಕು ಎಂದು ಮೆಲ್ಲಗೆ ಒಳಗೆ ಹೋಗಿಬಿಡುತ್ತಿದ್ದ.