ಎಂಬತ್ತರ ಎದುವಿಹೆಸ್
ಸಾನ್ ಇಸಿದ್ರೊ ದಾಟಿ ಘಾಟಿ ಹತ್ತುವ ಮುನ್ನ ಕರೆಂಟಿನ ಕಾರುಗಳಿಗೆ ಇರುವುದು ಒಂದೇ ಫಾಸ್ಟ್ ಚಾರ್ಜರ್. ಅದರ ಸರದಿ ಸಾಲಿಗೆ ದೋನ್ಯಾ ಎದುವಿಹೆಸ್ ತಾನೇ ತಾನಾಗಿ ಯಜಮಾನಿ. ಬ್ಯಾಟರಿ ಎಂಬತ್ತು ಪರ್ಸೆಂಟ್ ದಾಟಿದ ಮೇಲೆ ಕರೆಂಟು ತೊಟ್ಟಿಕ್ಕುತ್ತದೆ, ಹಿಂದಿನವರು ಕಾದು ಕೊಳೆಯುತ್ತಾರೆ ಎಂಬುದೊಂದೇ ಆಕೆಯ ಶಾಸ್ತ್ರ. ಪ್ಲಗ್ ಚುಚ್ಚಿ ಅನ್ನ-ಕಾಳಿನ ಗಾಯೊ ಪಿಂಟೊ ತಿನ್ನಲು ಹೋದವನನ್ನು ಹೋಟೆಲಿನ ಬಾಗಿಲಿಂದಲೇ ಕೂಗುತ್ತಾಳೆ: ‘ಏಯ್ ರೊಲಾಂಡೊ, ಹೊಟ್ಟೆ ನೂರು ತುಂಬಿಸ್ಕೋ, ಕಾರಿಗೆ ಎಂಬತ್ತು ಸಾಕು. ಬಂದು ಕೀಳೋ!’ ‘ಬೆಟ್ಟ ಹತ್ಬೇಕಲ್ಲಮ್ಮಾ?’ ಅಂದರೆ, ‘ನಾನು ಹತ್ತಲ್ವೇನೋ?’ ಎನ್ನುತ್ತಾಳೆ. ಆಕೆಯ ಹಳೇ ಕಾರಿನ ಬ್ಯಾಟರಿ ಸವೆದುಹೋಗಿದೆ. ಎಂಬತ್ತರಲ್ಲಿ ಬೆಟ್ಟದಾಚೆಯ ಮನೆ ಮುಟ್ಟುವುದೇ ಅನುಮಾನ. ಆದರೂ ಎಂಬತ್ತಾಯಿತೆಂದರೆ ತನ್ನ ಪ್ಲಗ್ಗನ್ನೂ ಕಿತ್ತು ಹೊರಡುತ್ತಾಳೆ. ಮೇಲಿನ ಕೊರೆಯುವ ಮಂಜಿನಲ್ಲಿ ಚಾರ್ಜ್ ಉಳಿಸಲು ಹೀಟರ್ ಆರಿಸಿ, ಎರಡು ಕಂಬಳಿ ಹೊದ್ದು, ಹಿಂದಿನ ಲಾರಿಗಳ ಹಾರ್ನಿಗೆ ಬಯ್ಯುತ್ತ ತೆವಳುತ್ತಾಳೆ.